ಬ್ಲಾಕು ಬಿಡಿಸಿದ ಅವಸರಪ್ಪ

ಅನುವಾದ ಕಚೇರಿಯ ಹಂಗಾಮಿ ಗುಮಾಸ್ತನಿಗೆ ಅವಸರಪ್ಪ ಎಂಬ ಅಡ್ಡಹೆಸರು ಬಿದ್ದದ್ದು ಸುಮ್ಮಸುಮ್ಮನೆ ಅಲ್ಲ. ಯಜಮಾನರು ಫೋನಿನಲ್ಲಿ ಗಿರಾಕಿಯ ಮುಂದೆ ಗೋಳಾಡುವುದು ಅವನ ಕಿವಿಗೆ ಬಿತ್ತು, ಅಷ್ಟೇ ಸಾಕಾಯಿತು. ನೀವು ಕಳಿಸಿದ ಫೈಲುಗಳನ್ನು ಡೌನ್‌ಲೋಡ್ ಮಾಡಿಕೊಂಡಿದ್ದೇವೆ, ಆದರೆ ಎಲ್ಲಕ್ಕೂ ಭದ್ರತೆಯ ಬ್ಲಾಕು ಬಿದ್ದಿದೆ, ಒಂದೂ ತೆರೆಯುತ್ತಿಲ್ಲ, ಅನುವಾದ ಶುರು ಮಾಡುವುದಾದರೂ ಹೇಗೆ ಎನ್ನುತ್ತಿದ್ದರು. ಗಿರಾಕಿ ಸಂಜೆ ತಾನೇ ಬರುತ್ತೇನೆಂದ.

ಅವಸರಪ್ಪನ ಕೆಲಸ ಕಾಯಂ ಮಾಡಬೇಕೋ ಬೇಡವೋ ಎಂದು ಯಜಮಾನರು ತೀರ್ಮಾನಿಸುವುದೂ ಅದೇ ಸಂಜೆ. ಈ ಬ್ಲಾಕು ಬಿಡಿಸಿಕೊಟ್ಟರೆ ತಾನು ಗೆದ್ದಂತೆ ಎಂದುಕೊಂಡ.

ಲೆಕ್ಕ ಬರೆಯುವ ಅಕ್ಕ, ಕಂಪ್ಯೂಟರ್ ಆರಿಸಿ ಹಚ್ಚು ಎಂದರು. ಹಚ್ಚಿದ. ಕಾವಲುಗಾರ ಬಂದು ಇಣುಕಿ, ಮೌಸ್ ಒರೆಸಿದರೆ ಸರಿಹೋಗುತ್ತದೆ ಎಂದ. ಒರೆಸಿದ. ಫೈಲುಗಳು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಕಂಪ್ಯೂಟರ್ ರಿಪೇರಿ ಮಾಡುವ ಭಾವಮೈದುನನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಒಂದೇ ಸಾಲಿನ ಕಮಾಂಡಿನಲ್ಲಿ ಇಡೀ ಫೋಲ್ಡರಿನ ಬ್ಲಾಕು ಬಿಡಿಸಬಹುದೆಂದು ಅವನು ಕಪ್ಪು ಕಿಟಕಿಯೊಂದನ್ನು ತೆರೆಸಿದ.

“ಡಿ, ಐ, ಆರ್ ಅಂತ ಹೊಡೀರಿ ಭಾವ. ಈಗ ಜಾಗ ಬಿಡಿ.”

ಅವಸರಪ್ಪ ತಟ್ಟನೆ ಎದ್ದು ನಿಂತ. ಜಾಗ ಬಿಟ್ಟದ್ದು ತಮಗೇ ಎಂದುಕೊಂಡ ಅಕ್ಕ ಕುರ್ಚಿಯಲ್ಲಿ ಕೂತೇಬಿಟ್ಟರು.

“ಬಿಟ್ರಾ?”

“ಬಿಟ್ಟೆ ಕಣೋ, ಅಕ್ಕ ಕೂತಿದಾರೆ.”

ಭಾವಮೈದುನ ತಲೆ ಚಚ್ಚಿಕೊಂಡ ಸದ್ದು ಸ್ಪೀಕರಿನಲ್ಲೇ ಕೇಳಿಸಿತು. ಜಾಗ ಬಿಡುವುದೆಂದರೆ ಅಕ್ಷರದ ಮುಂದೆ ಖಾಲಿ ಬಿಡುವುದು ಎಂದು ಅರ್ಥ ಮಾಡಿಸುವಷ್ಟರಲ್ಲಿ ಅವನ ಗಂಟಲು ಒಣಗಿತು. ಆಮೇಲೆ ಒಂದು ನೆಟ್ಟನೆಯ ಗೆರೆ, ಮತ್ತೆ ಜಾಗ, ‘ಅನ್‌ಬ್ಲಾಕ್’, ಅಡ್ಡಗೆರೆ, ‘ಫೈಲ್’. ಅಕ್ಕ ಎಂಟರ್ ಒತ್ತಿದರು. ಕಿಟಕಿ ತುಟಿಪಿಟಕ್ಕೆನ್ನಲಿಲ್ಲ. ಕೆಟ್ಟೆವು ಎಂದುಕೊಂಡು ಒಂದು ಫೈಲಿನ ಮೇಲೆ ಒತ್ತಿದರೆ ಅದು ಸಲೀಸಾಗಿ ತೆರೆದುಕೊಂಡಿತು. ಎಲ್ಲವೂ ತೆರೆದುಕೊಂಡವು.

ಸಂಜೆ ಗಿರಾಕಿ ಬಂದದ್ದೇ ತಡ, ಯಜಮಾನರು ಬಾಯಿ ತೆರೆಯುವ ಮೊದಲೇ ಅವಸರಪ್ಪ ಒಳಗೆ ನುಗ್ಗಿ ಶುಭವಾರ್ತೆ ಹೇಳಿದ. ಗಿರಾಕಿಯ ಮುಖ ಅರಳಿತು.

“ಒಳ್ಳೇದಾಯ್ತು ಬಿಡಿ. ಪಾಪ ತೊಂದ್ರೇಲಿದೀರಿ, ಇನ್ನೊಂದು ತಿಂಗಳು ಟೈಮ್ ಕೊಡೋಣ ಅಂತ ಬಂದಿದ್ದೆ. ಇನ್ನೇನು, ಮೊದಲಿನ ಮಾತಿನಂತೆ ನಾಳೇನೇ ಕೊಟ್ಬಿಡಿ. ಆಗಲ್ಲ ಅಂದ್ರೆ ಕೆಲಸ ಬೇರೆಯವರಿಗೆ.”

ಅವನು ಹೋದ ಮೇಲೆ ಯಜಮಾನರು ತಲೆ ಮೇಲೆ ಕೈಹೊತ್ತು ಕೂತರು.

“ನಮ್ಮ ಅನುವಾದಕ ಕೆಲಸ ಬಿಟ್ಟು ವಾರ ಆಯ್ತು ಕಣೋ. ಇನ್ನೊಬ್ಬ ಸಿಗೋ ತನಕ ಆ ಬ್ಲಾಕಿನ ನೆಪವನ್ನೇ ನಂಬ್ಕೊಂಡು ಬದುಕಿದ್ದೆ. ಇರೋದೊಂದೇ ಗಿರಾಕಿ.”

ಆದರೂ ಅವಸರಪ್ಪನಿಗೆ ಕೇಳದೆ ಇರಲಾಗಲಿಲ್ಲ. “ಸಾರ್, ನನ್ನ ಕಾಯಂ ವಿಚಾರ?”

“ಕಚೇರಿನೇ ಕಾಯಂ ಇಲ್ಲ,” ಎಂದರು ಯಜಮಾನರು, “ನಿನ್ನನ್ನ ಎಲ್ಲಿ ಕಾಯಂ ಮಾಡ್ಲಪ್ಪ?”