ಕಾಯಿಸದ ನೀರು

ಆಸ್ಪತ್ರೆಯಲ್ಲಿ ದುಡಿಯುವವರಿಗೆ ರೋಗದ ಹೆದರಿಕೆ ಇರುವುದಿಲ್ಲ ಎಂದು ಹೊರಗಿನವರು ನಂಬಿದ್ದಾರೆ. ಅಡಿಗೆಯವನಿಗೆ ಹಸಿವೇ ಆಗುವುದಿಲ್ಲ ಎಂದ ಹಾಗಾಯಿತು. ರೋಗದ ಹೆಸರಷ್ಟೇ ಬಲ್ಲವನು ಒಮ್ಮೆ ಹೆದರಿ ಸುಮ್ಮನಾದಾನು. ಅದು ಯಾವ ಹೊತ್ತಿಗೆ ಏನು ಮಾಡುತ್ತದೆಂದು ಕಣ್ಣಾರೆ ಕಂಡವನಿಗೆ ಬಿಡುಗಡೆಯಿಲ್ಲ. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಹನ್ನೆರಡು ವರ್ಷ ಔಷಧಿ ಬೆರೆಸಿದ ಕಾಂಪೌಂಡರ್ ನಾನು. ನನ್ನಷ್ಟು ಪುಕ್ಕಲ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಹೊಳೆದಂಡೆಯ ಹಳ್ಳಿಗಳಿಗೆ ಕಾಲರಾ ಬಂತು. ಸಿರುಗುಪ್ಪದ ಹೊರಗೆ ತಗಡಿನ ಷೆಡ್ಡು ಹಾಕಿ ಒಬ್ಬ ಡಾಕ್ಟರನ್ನೂ ನರ್ಸ್ ರಾಹೇಲಮ್ಮನನ್ನೂ ನನ್ನನ್ನೂ ಕಳಿಸಿದರು. ಮೊದಲ ದಿನವೇ ನನ್ನೂರು ಕುರುಗೋಡಿನ ರೋಗಿಯೊಬ್ಬ ಬೆಳಿಗ್ಗೆ ನನ್ನೊಡನೆ ಊರಿನ ಸುದ್ದಿ ಮಾತಾಡಿದವನು ಮಧ್ಯಾಹ್ನಕ್ಕೆ ಇರಲಿಲ್ಲ. ಅಂದೇ ಆಣೆ ಮಾಡಿದೆ: ಕುದಿಯದ ಪದಾರ್ಥ ನನ್ನ ಗಂಟಲಿಗೆ ಇಳಿಯಕೂಡದು. ನೀರು, ಮಜ್ಜಿಗೆ, ಹಣ್ಣು, ಹಸಿ ಕಾಯಿಪಲ್ಯ, ಪರರ ಕೈ ತಟ್ಟಿದ ರೊಟ್ಟಿ ಎಲ್ಲ ಬಿಟ್ಟೆ. ಉಳಿದದ್ದು ಸುಡುಸುಡು ಚಹಾ ಮತ್ತು ಬೆಲ್ಲ. ಬೆಲ್ಲ ಕೊಪ್ಪರಿಗೆಯಲ್ಲಿ ತಾಸುಗಟ್ಟಲೆ ಕುದಿದದ್ದು, ಯಾವ ಕ್ರಿಮಿ ಬದುಕೀತು? ಬದುಕಿಕೊಂಡ ರೋಗಿಗಳ ಮನೆಯವರು ಅಚ್ಚಚ್ಚು ತಂದು ಕೊಡುತ್ತಿದ್ದರು. ಧೂಳಿಗೆ ಹೆದರಿ ಔಷಧಿ ಕೋಣೆಯ ಬಾಗಿಲು ಹಾಕಿ, ದಿನವೆಲ್ಲ ಕೂತಲ್ಲೇ ಕೂತು ಬೆಲ್ಲ ಕಚ್ಚುತ್ತಿದ್ದೆ.

ತಿಂಗಳೊಪ್ಪತ್ತಿನಲ್ಲಿ ಬಾಯಿ ಒಣಗತೊಡಗಿತು. ಎಷ್ಟು ಚಹಾ ಕುಡಿದರೂ ದಾಹ. ಅಂಗಿ ಸಡಿಲವಾಯಿತು, ಅಂಗಾಲು ಉರಿಯಿತು. ಕಾಲರಾದವರಿಗೂ ದಾಹವಲ್ಲವೇ? ನನ್ನ ನಾಡಿ ನಾನೇ ಹಿಡಿದುಕೊಂಡು ಕೂತೆ. ಮೂರು ಸಲ ಎಣಿಸಿದೆ, ಮೂರು ಸಲವೂ ಲೆಕ್ಕ ಬೇರೆ ಬಂತು.

ರಾಹೇಲಮ್ಮ ಬಾಗಿಲು ತಳ್ಳಿ ಬಂದಳು. "ಅಣ್ಣಾರ, ದಿನಕ್ಕ ಎಷ್ಟು ಸಲ ಹೊರಗ ಹೋಗ್ತೀರಿ?"

"ಹತ್ತು, ಹನ್ನೆರಡು. ಆದ್ರ ಭೇದಿ ಅಲ್ಲವ್ವ, ಬರೇ ಮೂತ್ರ."

"ನೀವು ಮೂತ್ರಕ್ಕ ಕೂತಲ್ಲಿ ಇರುವಿ ಮುತ್ತಿದ್ದು ನೋಡೀನಿ. ಶೀಸೆಯಾಗ ತಂದು ಕೊಡ್ರಿ."

ಸಕ್ಕರೆ ಪರೀಕ್ಷೆಯ ನೀಲಿ ದ್ರಾವಣಕ್ಕೆ ಎಂಟು ಹನಿ ಬಿಟ್ಟು ದೀಪದ ಉರಿಗೆ ಹಿಡಿದಳು. ಬೇರೆಯವರಿಗೆ ನೂರಾರು ಸಲ ನಾನೇ ಮಾಡಿದ ಪರೀಕ್ಷೆ. ಹಸಿರಾಯಿತು, ಹಳದಿಯಾಯಿತು, ದೇವರೇ ಅಲ್ಲೇ ನಿಲ್ಲಲಿ ಎನ್ನುವಷ್ಟರಲ್ಲಿ ಇಟ್ಟಿಗೆಗೆಂಪಾಯಿತು. ಅದಕ್ಕಿಂತ ಮೇಲಿನ ಬಣ್ಣವಿಲ್ಲ. ನೋಡುತ್ತಿದ್ದ ಡಾಕ್ಟರು ಹೋಗಿ ತಮ್ಮದೂ ಒಂದು ಶೀಸೆ ತಂದಿಟ್ಟರು. ಅವರದು ಹಸಿರು, ತುಸುವೇ ಸಕ್ಕರೆ. ರೋಗಿಗಳ ನಡುವೆ ದಿನವಿಡೀ ಓಡಾಡುತ್ತ ರೊಟ್ಟಿ ತಿನ್ನುತ್ತಿದ್ದ ರಾಹೇಲಮ್ಮನದು ಮಾತ್ರ ನೀಲಿಯೇ ಉಳಿಯಿತು.

"ಸಕ್ಕರೆ ಕಾಯಿಲೆ," ಎಂದರು ಡಾಕ್ಟರು. "ಇನ್ಸುಲಿನ್ ಮದ್ರಾಸಿನಿಂದ ಬರಬೇಕು. ಅಲ್ಲೀತನಕ ಬೆಲ್ಲ ಬಿಡ್ರಿ, ನಡೀರಿ. ನಾಳೆಯಿಂದ ಬಂಡ್ಯಾಗ ರಾರಾವಿಗೆ ಹೋಗಿ, ಬಾವಿಯಿಂದ ಬಾವಿಗೆ ನಡೆದು ಕ್ರಿಮಿ ಸಾಯೋ ಔಷಧಿ ಹಾಕಿ ಬರ್ರಿ."

ರಾರಾವಿ! ನಮ್ಮ ಷೆಡ್ಡಿಗೆ ಅತಿ ಹೆಚ್ಚು ರೋಗಿಗಳು ಬರುತ್ತಿದ್ದುದೇ ಅಲ್ಲಿಂದ. ಕೂತರೆ ಸಕ್ಕರೆ, ನಡೆದರೆ ಕಾಲರಾ. ಬಂಡಿಯಲ್ಲಿ ಗೊತ್ತಿದ್ದ ದೇವರನ್ನೆಲ್ಲ ನೆನೆದೆ.

ಮೊದಲ ದಿನ ಔಷಧಿ ಹಾಕಿ ಬಂದೆ. ಮರುದಿನ ನೋಡಿದರೆ ಔಷಧಿಯಿಂದ ಗುಲಾಬಿ ಬಣ್ಣಕ್ಕೆ ತಿರುಗಿದ್ದ ಬಾವಿನೀರನ್ನು ಯಾರೂ ಮುಟ್ಟಿರಲಿಲ್ಲ. ರೋಗ ತಂದ ಹೊಳೆಯ ನೀರನ್ನೇ ಹೊರುತ್ತಿದ್ದರು. "ಬಾವಿ ನೀರು ಕುಡೀರಿ, ಏನೂ ಆಗಂಗಿಲ್ಲ," ಎಂದು ಕೂಗಿದೆ. ವಾರದ ಹಿಂದೆ ಮಗನನ್ನು ಮಣ್ಣು ಮಾಡಿದ್ದ ಮುದುಕಿಯೊಬ್ಬಳು ಹಗ್ಗ ಇಳಿಬಿಟ್ಟು ಒಂದು ಚೆಂಬು ತುಂಬಿ ನನ್ನ ಮುಂದೆ ಹಿಡಿದಳು.

"ಹಂಗಾದ್ರ ಮೊದ್ಲು ನೀವ್ ಕುಡೀರಿ."

ಊರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿತ್ತು. ಕಾಯಿಸದ ನೀರು. ಕುರುಗೋಡಿನವನ ಮುಖ ಕಣ್ಣಮುಂದೆ ಬಂತು. ಓಡೋಣವೆಂದು ಬಂಡಿಯ ಕಡೆ ನೋಡಿದೆ. ಆದರೆ ತಣ್ಣನೆಯ ಚೆಂಬು ಬೆರಳಿಗೆ ತಾಗಿದ್ದೇ ತಡ, ತಿಂಗಳ ದಾಹ ನನ್ನ ಕೈಯಿಂದ ಅದನ್ನು ಎತ್ತಿಸಿತು. ಗಟಗಟ ಒಂದು ಚೆಂಬು ಮುಗಿಯಿತು. ಇನ್ನೊಂದು ಕೇಳಿದೆ. ಮತ್ತೊಂದು. ಜನ ಮೆಲ್ಲಗೆ ಕೊಡ ಹಿಡಿದು ಮುಂದೆ ಬಂದರು. ನಾನು ನಾಲ್ಕನೆಯದಕ್ಕೆ ಕೈ ಚಾಚಿದಾಗ ಮುದುಕಿ ಚೆಂಬನ್ನು ಹಿಂದಕ್ಕೆಳೆದುಕೊಂಡಳು.

"ಸಾಕ್ ಬಿಡ್ರೀ ಯಪ್ಪಾ, ನಮಗ ನಂಬಿಕಿ ಬಂತು."