ಅಧ್ಯಕ್ಷರ ಕುತ್ತಿಗೆಗೆ ಹತ್ತಿದ ನಾಣ್ಯ

ಈ ವರ್ಷ ನಾಣ್ಯಲೋಕದ ಚರಿತ್ರೆಯಲ್ಲಿ ನನ್ನ ಹೆಸರು ಕೊರೆದೇ ತೀರುತ್ತೇನೆ ಎಂದು ನಿರ್ಧರಿಸಿಬಿಟ್ಟೆ! ಅದೂ ನಾಣ್ಯದ ಮುಖದ ಮೇಲಲ್ಲ, ಬೆನ್ನಿನ ಮೇಲೂ ಅಲ್ಲ. ಅಂಚಿನ ಮೇಲೆ!

ನಮ್ಮ ನಾಣ್ಯ ಸಂಗ್ರಾಹಕರ ಸಂಘದಲ್ಲಿ ಎಲ್ಲರಿಗೂ ಒಂದೊಂದು ಕೀರ್ತಿಯಿದೆ. ಕಾರ್ಯದರ್ಶಿಯಾದ ಹಲ್ಲಿನ ಡಾಕ್ಟರ ಬಳಿ ತಲೆಕೆಳಗಾಗಿ ಅಚ್ಚಾದ ನಾಣ್ಯವಿದೆ. ಅಧ್ಯಕ್ಷರಾದ ನಿವೃತ್ತ ಜಡ್ಜ್ ಸಾಹೇಬರ ಬಳಿ ಎರಡು ಮೂಗಿನ ರಾಜನೇ ಇದ್ದಾನೆ! ನನ್ನ ಬಳಿ ಒಂದು ಕೋಣೆ ತುಂಬ ನಾಣ್ಯಗಳಿವೆ, ಅಪರೂಪದ್ದು ಒಂದೂ ಇಲ್ಲ. ಸಂಘದಲ್ಲಿ ನನ್ನನ್ನು ‘ಚಿಲ್ಲರೆ’ ಎಂದೇ ಕರೆಯುತ್ತಾರೆ. ಅಲ್ಲಿ ಹಲ್ಲು ಕಿರಿಯುತ್ತೇನೆ. ಮನೆಗೆ ಬಂದರೆ ಊಟ ಸೇರುವುದಿಲ್ಲ.

ಹೀಗಿರುವಾಗ ಸಿಕ್ಕಿತು ಆ ನಾಣ್ಯ. ಅದರ ಅಂಚಿನ ಸುತ್ತ ‘ಸತ್ಯ ಮತ್ತು ಶ್ರಮ’ ಎಂದು ಕೊರೆದಿತ್ತು. ಅದೇ ಸಾಲು ಆ ಜಾತಿಯ ಎಲ್ಲ ನಾಣ್ಯಗಳಲ್ಲೂ ಇರುತ್ತದೆ. ಆದರೆ ನನ್ನದರಲ್ಲಿ ‘ಸತ್ಯ’ಕ್ಕೂ ‘ಮತ್ತು’ವಿಗೂ ನಡುವೆ ಕೂದಲೆಳೆಯಷ್ಟು ಜಾಗ ಹೆಚ್ಚಿತ್ತು! ಕುಣಿದಾಡುತ್ತಾ ಅಡುಗೆಮನೆಗೆ ಓಡಿದೆ.

ಹೆಂಡತಿ ದರ್ಜಿ. ಅವಳ ಹೊಲಿಗೆ ಮಶೀನು ಒಲೆಗೂ ಫ್ರಿಜ್ಜಿಗೂ ನಡುವೆ ಸಿಕ್ಕಿಕೊಂಡಿದೆ, ಏಕೆಂದರೆ ಇರುವ ಒಂದು ಹೆಚ್ಚಿನ ಕೋಣೆಯಲ್ಲಿ ನನ್ನ ನಾಣ್ಯಗಳು ವಾಸವಾಗಿವೆ. ಆ ಕೋಣೆಯೇ ನಮ್ಮ ದಾಂಪತ್ಯದ ಗಡಿವಿವಾದ.

“ನೋಡು, ಹೊಸ ಪ್ರಭೇದ!”

“ಈರುಳ್ಳಿ ವಾಸನೆ ಬರುತ್ತೇಂತ ಇವತ್ತೂ ಒಬ್ಬರು ಕೋಟು ವಾಪಸ್ ಕೊಟ್ಟು ಹೋದ್ರು. ನನಗೆ ಆ ಕೋಣೆ ಬೇಕು ರೀ.”

“ಭಾನುವಾರ ಸಂಘದ ಸಭೆ. ಇದು ಹೊಸ ಪ್ರಭೇದ ಅಂತ ಅವರು ಒಪ್ಪಿದ್ರೆ ನೀನು ಆ ಕೋಣೆ ಬಗ್ಗೆ ಚಕಾರ ಎತ್ತಬಾರದು!”

“ಒಪ್ಪದಿದ್ರೆ?”

“ಕೋಣೆ ನಿನ್ನದು!” ಎಂದೆ, ಸಾಮ್ರಾಜ್ಯ ದಾನ ಮಾಡುವ ಚಕ್ರವರ್ತಿಯಂತೆ. ಈ ಬಾಯಿಗೆ ಆಗಲೇ ಯಾರಾದರೂ ಹೊಲಿಗೆ ಹಾಕಬಾರದಿತ್ತೇ!

ಸಭೆಗೆ ಸಾಕ್ಷಿ ಬೇಕಲ್ಲ? ನನ್ನ ನಾಣ್ಯದ ಅಂಚನ್ನೂ ಅದೇ ಜಾತಿಯ ಮಾಮೂಲಿ ನಾಣ್ಯದ ಅಂಚನ್ನೂ ಒಟ್ಟಿಗೆ ತೋರಿಸುವುದು ಕಷ್ಟ. ಅಂಚಿಗೆ ಆಫೀಸಿನ ಮೊಹರಿನ ಶಾಯಿ ಹಚ್ಚಿ ಕಾಗದದ ಮೇಲೆ ಉರುಳಿಸಿದೆ; ನಾಣ್ಯ ಜಾರಿ ಮಂಚದ ಕೆಳಗೆ ಓಡಿತು. ಬಟ್ಟೆಯಾದರೆ ಹಿಡಿದುಕೊಳ್ಳುತ್ತದೆ! ಮಶೀನಿನ ಕೆಳಗೆ ಉದ್ದನೆಯ ಬಿಳಿ ತುಂಡೊಂದು ಬಿದ್ದಿತ್ತು. ಕತ್ತರಿಸಿ ಎಸೆದ ಚೂರೆಂದುಕೊಂಡು ಅದರ ಮೇಲೆ ಎರಡೂ ನಾಣ್ಯಗಳನ್ನು ಸಾಲಾಗಿ ಉರುಳಿಸಿದೆ. ಅಕ್ಷರಗಳೇನೋ ಉಲ್ಟಾ ಮೂಡಿದವು, ಆದರೆ ನನ್ನ ಜಾಗ ಎಷ್ಟು ಸ್ಪಷ್ಟ! ಒಣಗಲೆಂದು ಅಲ್ಲೇ ಬಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ತುಂಡಿಲ್ಲ! ಮಶೀನು ಕಟಕಟ ಓಡುತ್ತಿದೆ.

“ಇಲ್ಲೊಂದು ಬಟ್ಟೆ ಚೂರಿತ್ತಲ್ಲ?”

“ಚೂರೆಲ್ಲ ಕಸಕ್ಕೆ ಹಾಕಿದೆ. ಮಾತಾಡಿಸಬೇಡಿ, ಅರ್ಜೆಂಟ್ ಶರ್ಟು.”

ಕಸದ ಬುಟ್ಟಿಯನ್ನು ಅಂಗಳದಲ್ಲಿ ಸುರಿದು ಹುಡುಕಿದೆ. ಈರುಳ್ಳಿ ಸಿಪ್ಪೆ, ದಾರ, ಮತ್ತಷ್ಟು ಈರುಳ್ಳಿ ಸಿಪ್ಪೆ. ಮತ್ತೆ ಅಚ್ಚು ಹಾಕೋಣವೆಂದರೆ, ತೆರೆದಿಟ್ಟ ಶಾಯಿ ಒಣಗಿಹೋಗಿತ್ತು. ಕೊನೆಗೆ ಬರಿಗೈಯಲ್ಲಿ, ಅಂದರೆ ನಾಣ್ಯ ಒಂದನ್ನೇ ಹಿಡಿದು, ಸಭೆಗೆ ಹೋದೆ.

ಸಭಾಂಗಣದ ಫ್ಯಾನು ಕೆಟ್ಟಿತ್ತು. ಅಧ್ಯಕ್ಷರು ಹೊಸ ಬಿಳಿ ಶರ್ಟಿನಲ್ಲಿ ಬೆವರುತ್ತಾ ಕೂತಿದ್ದರು. ನಾನು ಭಾಷಣ ಬಿಗಿದೆ. ಡಾಕ್ಟರು ಆಕಳಿಸಿದರು. “ಚಿಲ್ಲರೆಯವರೇ, ಬರೀ ಬಾಯಿಮಾತಾದರೆ ಹೇಗೆ? ಪುರಾವೆ ಎಲ್ಲಿ?”

ಅಷ್ಟರಲ್ಲಿ ಅಧ್ಯಕ್ಷರು ಕಾಲರ್ ಸಡಿಲಿಸಿ ಕುತ್ತಿಗೆ ಒರೆಸಿಕೊಂಡರು. ಹಿಂದೆ ನಿಂತಿದ್ದ ಡಾಕ್ಟರು ಬೆಚ್ಚಿಬಿದ್ದರು.

“ಸಾರ್, ನಿಮ್ಮ ಕುತ್ತಿಗೆ ಮೇಲೆ ‘ಸತ್ಯ’ ಅಂತ ಬರೆದಿದೆ!”

ಓಡಿಹೋಗಿ ನೋಡಿದೆ. ಬೆವರಿಗೆ ಬಿಟ್ಟ ಶಾಯಿ ಕುತ್ತಿಗೆಗೆ ಹತ್ತಿ, ಬಟ್ಟೆಯಲ್ಲಿ ಉಲ್ಟಾ ಇದ್ದದ್ದು ಈಗ ನೆಟ್ಟಗೆ ಮೂಡಿತ್ತು! ನನ್ನ ಎರಡೂ ಸಾಲು! ವಿವೇಕವಿದ್ದವನು ಅಲ್ಲಿಂದ ಕಾಲ್ತೆಗೆಯುತ್ತಿದ್ದ. ನಾನು ಕೂಗಿದೆ: “ಅದೇ ನನ್ನ ಪುರಾವೆ! ಒರೆಸಬೇಡಿ!”

ಡಾಕ್ಟರು ಭೂತಗನ್ನಡಿ ತೆಗೆದರು. “ಸಾರ್, ತಲೆ ಬಗ್ಗಿಸಿ. ಅಲುಗಾಡಬೇಡಿ. ನೋವಾಗಲ್ಲ.” ಸದಸ್ಯರೆಲ್ಲ ಸಾಲಾಗಿ ಬಂದು ಅಧ್ಯಕ್ಷರ ಕುತ್ತಿಗೆ ಓದಿದರು. ಡಾಕ್ಟರು ತಲೆಯಾಡಿಸಿ, “ಜಾಗ ಹೆಚ್ಚಿರೋದು ನಿಜ. ಆದರೆ ಅಂಚಿನ ಅಕ್ಷರ ಒತ್ತುವಾಗ ನಾಣ್ಯ ಚೂರು ಜಾರಿದರೂ ಹೀಗಾಗುತ್ತೆ. ಇದನ್ನೆಲ್ಲ ಪ್ರಭೇದ ಅಂದರೆ ಪ್ರತಿ ನಾಣ್ಯವೂ ಒಂದೊಂದು ಪ್ರಭೇದವೇ!” ಎಂದರು.

ಬಗ್ಗಿಸಿದ ತಲೆ ಎತ್ತದೆಯೇ ಅಧ್ಯಕ್ಷರು ತೀರ್ಪು ಕೊಟ್ಟರು: “ವ್ಯತ್ಯಾಸ ಇದೆ. ಆದರೆ ಅದು ಲೆಕ್ಕಕ್ಕಿಲ್ಲ. ಇನ್ನು ನನ್ನ ಶರ್ಟಿನ ವಿಚಾರ!”

ಮನೆಗೆ ಬಂದು ಎಲ್ಲ ಒಪ್ಪಿಸಿದೆ, ತೀರ್ಪನ್ನೂ ಅಕ್ಷರ ಬಿಡದೆ. ಹೆಂಡತಿ ಹಣೆ ಚಚ್ಚಿಕೊಂಡಳು. “ಅಯ್ಯೋ, ಅದು ಕಾಲರ್ ಪಟ್ಟಿ ರೀ! ಬಟ್ಟೆ ಅಂಚಿನಲ್ಲಿ ಮಿಲ್ಲಿನವರು ಹೆಸರು ಅಚ್ಚು ಹಾಕಿರ್ತಾರಲ್ಲ, ಅದೇ ಅಂದ್ಕೊಂಡು ಕುತ್ತಿಗೆ ಕಡೆಗೆ ತಿರುಗಿಸಿ ಹೊಲಿದೆ. ನಾಳೆನೇ ಅವರಿಗೆ ಬೇರೆ ಶರ್ಟು ಹೊಲಿಯಬೇಕು. ಹೊಸ ಕೋಣೆಯಲ್ಲಿ!”

ಮಶೀನು ಮೆರವಣಿಗೆಯಲ್ಲಿ ಕೋಣೆ ಸೇರಿತು. ನನ್ನ ನಾಣ್ಯದ ಬೀರು ಒಲೆಗೂ ಫ್ರಿಜ್ಜಿಗೂ ನಡುವೆ ಹೊರಟಿತು. ತಳ್ಳಿದೆ, ನೂಕಿದೆ, ಭುಜ ಕೊಟ್ಟು ಒತ್ತಿದೆ. ಹೋಗಲೊಲ್ಲದು! ಹೊಟ್ಟೆ ಉರಿದು ಹೋಯಿತು.

“ಏನೇ ಇದು ಅನ್ಯಾಯ! ಫ್ರಿಜ್ಜನ್ನ ಈ ಕಡೆ ಸರಿಸಿದ್ದೀಯ! ನಿನಗಿದ್ದ ಜಾಗಕ್ಕಿಂತ ನನಗೆ ನಾಲ್ಕು ಬೆರಳು ಕಡಿಮೆ!”

ಕೋಣೆಯೊಳಗೆ ಮಶೀನು ನಿಂತಿತು. ತಣ್ಣನೆಯ ದನಿ ಬಂತು:

“ವ್ಯತ್ಯಾಸ ಇದೆ ರೀ. ಆದರೆ ಅದು ಲೆಕ್ಕಕ್ಕಿಲ್ಲ!”