ಇಪ್ಪತ್ತೆರಡು ಎಣಿಕೆ ಸುಮ್ಮನಿರುವ ಹಾಡು

ಹಾಡುಗಾರರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಹಾಡದೆ ಸುಮ್ಮನಿರುವುದನ್ನೇ ದಿನಾ ಬೆಳಿಗ್ಗೆ ಅಭ್ಯಾಸ ಮಾಡುವ ಹಾಡುಗಾರರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಬರೀ ನೋಡಿದ್ದಲ್ಲ, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಜರ್ಮನ್‌ಟೌನಿನಿಂದ ವಾಷಿಂಗ್ಟನ್ನಿಗೆ ನಾಲ್ಕು ವರ್ಷ ಹೊತ್ತುಕೊಂಡು ಓಡಾಡಿದ್ದೇನೆ!

ಸಂಗೀತದ ಮೇಲಿನ ಪ್ರೀತಿಯಿಂದ ಅಂದುಕೊಳ್ಳಬೇಡಿ. ನಮ್ಮ ಹೆದ್ದಾರಿಯಲ್ಲಿ ಒಂದು ಲೇನ್ ಮೀಸಲಿಟ್ಟಿದ್ದರು. ಕಾರಿನಲ್ಲಿ ಇಬ್ಬರಿದ್ದರೆ ಮಾತ್ರ ಅದರಲ್ಲಿ ಹೋಗಬಹುದು. ಒಬ್ಬನೇ ಹೋದರೆ ಪೊಲೀಸ್ ಹಿಡಿಯುತ್ತಾನೆ. ಮಾಮೂಲಿ ಲೇನಿನಲ್ಲಿ ಹೋದರೆ ಆಫೀಸು ತಲುಪುವಷ್ಟರಲ್ಲಿ ಡಬ್ಬಿಯ ಮೊಸರನ್ನ ಹುಳಿಯಾಗಿರುತ್ತದೆ. ಆದ್ದರಿಂದ ನನಗೆ ಇನ್ನೊಂದು ದೇಹ ಬೇಕಿತ್ತು. ಸಿಕ್ಕಿದ ದೇಹ ಹಾಡುತ್ತಿತ್ತು!

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಎರಡು ಸಾವಿರನೇ ಇಸವಿ ಬಂದ ಕೂಡಲೇ ಕಂಪ್ಯೂಟರುಗಳೆಲ್ಲ ತಲೆ ಕೆಟ್ಟು ಕೂರುತ್ತವೆ ಅಂತ ಲೋಕವೇ ಹೆದರಿದ್ದ ಕಾಲ ಅದು. ಅದನ್ನು ತಡೆಯುವ ಗುಂಪಿನಲ್ಲಿ ನಾನೂ ಒಬ್ಬ. ಮೈಸೂರಿನಲ್ಲಿದ್ದಾಗ ಬಿಟ್ಟಿಯಾಗಿ ಮಾಡುತ್ತಿದ್ದ ಚಿಂತೆಗೆ ಇಲ್ಲಿ ಸಂಬಳ ಕೊಡುತ್ತಿದ್ದರು. ಬೆಳಿಗ್ಗೆ ಸ್ಟವ್ ಆರಿಸಿದೆನಾ ಅಂತ ಎರಡು ಸಲ ಮನೆಗೆ ವಾಪಸ್ ಹೋಗಿ ನೋಡುವವನು ನಾನು. ನಮ್ಮ ಮನೆಯಲ್ಲಿ ಸ್ಟವ್ ಹಚ್ಚುವವಳು ನನ್ನ ಹೆಂಡತಿ.

ಇನ್ನು ಈ ಮಹಾಶಯರು. ಅರವತ್ತರ ಹತ್ತಿರದ ವಯಸ್ಸು, ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ನನ್ನ ಆಫೀಸಿನ ಪಕ್ಕದ ಕಟ್ಟಡದಲ್ಲಿ ನೀರಿನ ಪೈಪುಗಳ ನಕ್ಷೆ ಬರೆಯುವ ಕೆಲಸ. ಮೊದಲನೆಯ ದಿನ ಕಾರು ಹತ್ತಿ, ಸೀಟ್‌ಬೆಲ್ಟ್ ಹಾಕಿ, ಕಣ್ಣು ಮುಚ್ಚಿ, ಬಾವಿಯೊಳಗಿಂದ ಬಂದಂಥ ಸ್ವರದಲ್ಲಿ "ಓ… ಓ… ಓ…" ಅಂತ ಮೂರು ಸಲ ಹಾಡಿದರು. ಆಮೇಲೆ ನಿಲ್ಲಿಸಿಬಿಟ್ಟರು. ಬಲಗೈಯ ಹೆಬ್ಬೆರಳು ಮಾತ್ರ ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡುತ್ತಿತ್ತು. ನನಗೆ ಗಾಬರಿ. ಹೃದಯಕ್ಕೇನಾದರೂ ಆಯಿತೇ? ಎಮರ್ಜೆನ್ಸಿಗೆ ಯಾವ ಎಕ್ಸಿಟ್?

"ಸಾರ್, ಆರಾಮಾಗಿದೀರಾ?"

ಅವರು ಎಡಗೈ ಎತ್ತಿ ನನ್ನನ್ನು ತಡೆದರು. ತುಸು ಹೊತ್ತಿನ ಮೇಲೆ ಮತ್ತೊಂದು "ಓ…" ಬಂತು. ಕಣ್ಣು ತೆರೆದು, "ಇಪ್ಪತ್ತೆರಡು ಎಣಿಕೆ ಮಾರಾಯ್ರೇ! ನಡುವೆ ಮಾತಾಡಿಸಬೇಡಿ," ಎಂದರು.

"ನಿಂತುಹೋಯಿತಲ್ಲ ಸಾರ್ ಹಾಡು?"

"ಹಾಡು ನಿಲ್ಲಲಿಲ್ಲ. ನಾನು ನಿಂತೆ. ಉಳಿದ ಇಬ್ಬರು ಹಾಡ್ತಾ ಇದ್ದಾರೆ."

ನಾನು ಹಿಂದಿನ ಸೀಟು ನೋಡಿದೆ. ನನ್ನ ಕೊಡೆ ಇತ್ತು.

ವಿಷಯ ಇಷ್ಟು. ಅದು ಮೂರು ದನಿಗಳ ಲ್ಯಾಟಿನ್ ಹಾಡು. ಮೇಲಿನ ದನಿ, ನಡುವಿನ ದನಿ, ಕೆಳಗಿನ ದನಿ. ಒಂದೊಂದಕ್ಕೂ ಒಂದೊಂದು ಪುಸ್ತಕ. ಒಬ್ಬೊಬ್ಬರದು ಒಂದೊಂದು ದಾರಿ, ಆದರೆ ಮೂವರೂ ಸೇರಿದರೇನೇ ಹಾಡು. ಇವರ ಬಳಿ ಉಳಿದಿದ್ದದ್ದು ಕೆಳಗಿನ ದನಿಯ ಪುಸ್ತಕ ಒಂದೇ. ಇವರ ಮನೆತನದವರು ಗೋವಾದಿಂದ ಮಂಗಳೂರಿಗೆ ಬರುವಾಗ ಕಟ್ಟಿಕೊಂಡು ಬಂದದ್ದಂತೆ. ಪೋರ್ಚುಗೀಸರ ಯಾವುದೋ ಕೋಟೆಗೆ ಮುತ್ತಿಗೆ ಬಿದ್ದಾಗ ಮೂರು ಬುರುಜುಗಳ ಮೇಲೆ ಮೂವರು ನಿಂತು, ಫಿರಂಗಿಗಳ ನಡುವೆ ಇದನ್ನು ಹಾಡಿದರಂತೆ!

"ಉಳಿದ ಎರಡು ಪುಸ್ತಕ?" ಎಂದು ಕೇಳಿದ್ದೆ.

"ಯುದ್ಧದಲ್ಲಿ ಹೋಯಿತು," ಎಂದು ಕಿಟಕಿಯ ಆಚೆ ನೋಡಿದರು.

ನಾನೂರು ವರ್ಷದ ಆ ಪುಸ್ತಕವನ್ನು ಒಂದು ದಿನ ತೋರಿಸಿದರು. ಕೈ ಒರೆಸಿಕೊಂಡು ಭಕ್ತಿಯಿಂದ ತೆಗೆದುಕೊಂಡೆ. ಶಾಲೆಯ ನೋಟ್‌ಬುಕ್! ಹಿಂದಿನ ರಟ್ಟಿನ ಮೇಲೆ ಹದಿನಾರರ ಮಗ್ಗಿ!

"ಇದು ಅಪ್ಪ ನೋಡಿ ಬರೆದದ್ದು. ಮೂಲ ಗೆದ್ದಲು ತಿಂದಿತು," ಎಂದರು. ನೋಟ್‌ಬುಕ್ಕನ್ನು ವಾಪಸ್ ತೆಗೆದುಕೊಂಡು, "ಗೆದ್ದಲಿಗಾದರೂ ಮೂರೂ ದನಿ ಒಟ್ಟಿಗೆ ಸಿಕ್ಕಿತು," ಎಂದರು.

ಪೋರ್ಚುಗೀಸರ ಆಡಳಿತವನ್ನು ಅವರು ಇತಿಹಾಸ ಎಂದುಕೊಂಡಿರಲೇ ಇಲ್ಲ. ನಿನ್ನೆ ಮೊನ್ನೆ ಬಂದ ಆಫೀಸ್ ಸರ್ಕ್ಯುಲರ್ ಎಂದುಕೊಂಡಿದ್ದರು. ಗೋವಾದ ವೈಸರಾಯ್ ಬರೆದ ಕಾಗದ ಹಡಗಿನಲ್ಲಿ ಲಿಸ್ಬನ್ನಿಗೆ ಹೋಗಿ ಉತ್ತರ ಬರುವಷ್ಟರಲ್ಲಿ ಎರಡು ವರ್ಷ ಕಳೆಯುತ್ತಿತ್ತಂತೆ. ಅಷ್ಟರಲ್ಲಿ ಕಾಗದದಲ್ಲಿದ್ದ ತೊಂದರೆ ತಾನಾಗಿ ಮುಗಿದಿರುತ್ತಿತ್ತು, ಇಲ್ಲವೇ ವೈಸರಾಯರೇ ಮುಗಿದಿರುತ್ತಿದ್ದರು. ಇವರು ಆನ್ಸರಿಂಗ್ ಮಶೀನಿನ ಕರೆಗಳಿಗೂ ಅದೇ ಪದ್ಧತಿ ಇಟ್ಟುಕೊಂಡಿದ್ದರು. "ಸಾರ್, ಜುಲೈನಲ್ಲಿ ಮೆಸೇಜ್ ಬಿಟ್ಟಿದ್ದೆ!" ಎಂದರೆ, "ಮಳೆಗಾಲದಲ್ಲಿ ಹಡಗು ಬಿಡುವುದಿಲ್ಲ ಮಾರಾಯ್ರೇ," ಎನ್ನುತ್ತಿದ್ದರು.

ನಮ್ಮ ಕನ್ನಡ ಸಂಘದ ರಾಜಕೀಯವೂ ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. "ಹೊಸ ವೈಸರಾಯ್ ಬಂದಕೂಡಲೇ ಹಳೆಯವನ ಮೇಲೆ ವಿಚಾರಣೆ. ನಿಮ್ಮಲ್ಲೂ ಹಾಗೇ ಅಲ್ವಾ?" ನಾನು ಕಾರಿನ ಕನ್ನಡಿ ಸರಿಮಾಡಿಕೊಂಡೆ. ಹಿಂದಿನ ಸಮಿತಿಯವರು ಸಂಘದ ದೊಡ್ಡ ಸಾರಿನ ಪಾತ್ರೆ ಎಲ್ಲಿ ಬಿಟ್ಟರು ಅನ್ನುವ ವಿಚಾರಣೆ ಆಗ ಎರಡನೆಯ ವರ್ಷಕ್ಕೆ ಕಾಲಿಟ್ಟಿತ್ತು. ಹಿಂದಿನ ಸಮಿತಿಯ ಕಾರ್ಯದರ್ಶಿ ನಾನೇ. ಪಾತ್ರೆ ಎಲ್ಲಿದೆಯೋ, ದೇವರಾಣೆಗೂ ನನಗೆ ಗೊತ್ತಿಲ್ಲ!

ಒಂದು ದೀಪಾವಳಿಗೆ ಅವರು ಸಂಘದವರಿಂದ ಮೂರು ದನಿಯ ಹಾಡು ಹಾಡಿಸಲು ಹೊರಟರು. ಹೊಸದಾಗಿ ತಾವೇ ಬರೆದ ನಾಲ್ಕು ಸಾಲು, ಮೂರು ಗುಂಪು. ನಮ್ಮವರು ಹುಟ್ಟಿದಾಗಿನಿಂದ ಭಜನೆ ಮಾಡಿದವರು. ಒಬ್ಬರು ಹೇಳಿದ್ದನ್ನು ಉಳಿದವರು ಹೇಳಬೇಕು, ಅದು ನಮ್ಮ ರಕ್ತದಲ್ಲೇ ಇದೆ. ಎರಡನೆಯ ಸಾಲಿಗೆ ನಡುವಿನ ಗುಂಪು ಮೇಲಿನದಕ್ಕೆ ಹಾರಿತು, ಮೂರನೆಯದಕ್ಕೆ ಕೆಳಗಿನ ಗುಂಪೂ ಹಿಂಬಾಲಿಸಿತು, ನಾಲ್ಕನೆಯದಕ್ಕೆ ಪ್ರೇಕ್ಷಕರೂ ತಾಳ ತಟ್ಟುತ್ತ ಸೇರಿಕೊಂಡರು! ಕರ್ನಾಟಕ ಸಂಗೀತ ಕಲಿತ ನನ್ನ ಹೆಂಡತಿ ಕೊನೆಗೆ ಸ್ವಲ್ಪ ಆಲಾಪನೆಯನ್ನೂ ಸೇರಿಸಿದಳು. ಮಹಾಶಯರು ವೇದಿಕೆಯಿಂದ ಇಳಿದು ಬಂದು, "ನೀವು ಇಷ್ಟು ಒಗ್ಗಟ್ಟಿನ ಜನ ಅಂತ ಗೊತ್ತಿರಲಿಲ್ಲ ಮಾರಾಯ್ರೇ. ಒಗ್ಗಟ್ಟು ಬೇಡದ ಕಡೆ ಮಾತ್ರ!" ಎಂದರು.

ನನ್ನ ಹನ್ನೆರಡು ವರ್ಷದ ಮಗಳಿಗೆ ಮಾತ್ರ ಅವರು ಇಷ್ಟ. "ಡ್ಯಾಡಿ, ಅಂಕಲ್ ಈಸ್ ವೇಟಿಂಗ್ ಫಾರ್ ಸಮ್‌ಬಡಿ," ಎಂದಳು ಒಮ್ಮೆ. ಮಕ್ಕಳ ಮಾತು ಯಾರು ಕೇಳುತ್ತಾರೆ?

ನಾಲ್ಕನೆಯ ವರ್ಷದ ಯುಗಾದಿಗೆ ಹೆಂಡತಿಯ ಚಿಕ್ಕಪ್ಪನ ಮಗಳ ಮನೆಗೆಂದು ಶಾರ್ಲೆಟ್‌ಗೆ ಹೋದೆವು. ಏಳು ಗಂಟೆ ಡ್ರೈವ್. ಟಯರ್ ಬಗ್ಗೆ ಐದು ಸಲ ಚಿಂತೆ. ಅಲ್ಲಿನ ಕನ್ನಡಿಗರ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೇನೆ. ನನ್ನ ಮುಂದೆ ಐವತ್ತರ ಆಸುಪಾಸಿನ ಒಬ್ಬರು. ಬಿಸಿಬೇಳೆಬಾತ್ ಇನ್ನೂ ದೂರ ಇತ್ತು. ಅವರು ಮೆಲ್ಲಗೆ ಏನೋ ಎರಡು ಸ್ವರ ಗುನುಗಿ ಥಟ್ಟನೆ ನಿಲ್ಲಿಸಿದರು. ಹೆಬ್ಬೆರಳು ಗೆಣ್ಣಿನ ಮೇಲೆ ಓಡತೊಡಗಿತು.

ಬಾಗಿ ಮುಖ ನೋಡಿದೆ. ಅದೇ ಮೂಗು!

"ಸಾರ್," ಎಂದೆ, "ನಿಮ್ಮದು ಎಷ್ಟು ಎಣಿಕೆ?"

ಅವರು ಪೇಪರ್ ಪ್ಲೇಟ್ ಸಮೇತ ನನ್ನ ಕಡೆ ತಿರುಗಿದರು. "ಆ ದೊಡ್ಡ ಮನುಷ್ಯ ನಿಮಗೆ ಹೇಗೆ ಗೊತ್ತು?"

ಮಹಾಶಯರ ಸ್ವಂತ ತಮ್ಮ, ಶಾರ್ಲೆಟ್ ಪಕ್ಕದ ಫೋರ್ಟ್ ಮಿಲ್ ಎಂಬ ಊರಿನಲ್ಲಿರುವವರು! ನಾಲ್ಕು ವರ್ಷದಲ್ಲಿ ನಮ್ಮ ಮಹಾಶಯರು ಎಪ್ಪತ್ತು ವೈಸರಾಯರ ಹೆಸರು ಹೇಳಿದ್ದರು, ತಮ್ಮನ ಹೆಸರು ಹೇಳಿರಲಿಲ್ಲ.

"ಉಳಿದೆರಡು ಪುಸ್ತಕ ಯುದ್ಧದಲ್ಲಿ ಹೋಯಿತಂತಲ್ಲ?"

"ಯಾವ ಯುದ್ಧ? ಒಂದು ನನ್ನ ಮನೆಯಲ್ಲಿ ಫ್ರಿಜ್ಜಿನ ಮೇಲೆ ಉಂಟು. ಇನ್ನೊಂದು ಮಂಗಳೂರಲ್ಲಿ ಅಕ್ಕನ ಹತ್ತಿರ ಉಂಟು. ಯುದ್ಧ ಅಂದ್ರೆ ನಮ್ಮ ಮನೆ ಪಾಲಾದದ್ದು ಮಾರಾಯ್ರೇ!"

ತಂದೆ ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹಾಡುಗಾರರ ಮುಂದಾಳಾಗಿದ್ದವರು. ಅವರು ತೀರಿಕೊಂಡ ಮೇಲೆ ಮೂವರು ಮಕ್ಕಳಿಗೆ ಒಂದು ಚೂರೂ ಅನ್ಯಾಯವಾಗದಂತೆ ಪಾಲು ಮಾಡಿದರಂತೆ. ಉದ್ದನೆಯ ಬೆಂಚನ್ನು ಕುಯ್ದು ಮೂರು ಸ್ಟೂಲ್ ಮಾಡಿದರು. ಹಾಡಿನ ಪುಸ್ತಕ ಹೇಗೂ ಮೂರಿತ್ತು, ತಲೆಗೊಂದು! ಊರಿನ ಹಿರಿಯರೆಲ್ಲ ಭೇಷ್ ಅಂದರು. ಹಾಡನ್ನೇ ಮೂರು ಹೋಳು ಮಾಡಿದ್ದು ಯಾರ ತಲೆಗೂ ಹೊಳೆಯಲಿಲ್ಲ.

"ಹಾಗಾದ್ರೆ ಜಗಳ ಯಾಕೆ?"

"ತಂದೆಯ ವರ್ಷದ ಪೂಜೆಯಲ್ಲಿ ಮೂವರೂ ಹಾಡಿದೆವು. ನಡುವೆ ಯಾರೋ ಎಣಿಕೆ ತಪ್ಪಿದರು, ಹಾಡು ಬಿದ್ದುಹೋಯಿತು. ಇಡೀ ಊರಿನ ಎದುರು! ಅಣ್ಣ ತಪ್ಪು ನನ್ನದು ಅಂದ, ನಾನು ಅಣ್ಣನದು ಅಂದೆ. ಹನ್ನೊಂದು ವರ್ಷ ಆಯಿತು." ಸಾಲು ಮುಂದೆ ಹೋಗಿತ್ತು; ಅವರು ನಿಂತಲ್ಲೇ ನಿಂತಿದ್ದರು. "ಅಕ್ಕನಿಗೆ ಈಗ ಎಪ್ಪತ್ತು. ಸ್ವರ ನಡುಗ್ತದೆ. ಇನ್ನೆಷ್ಟು ದಿನ ಹಾಡ್ತಾಳೋ!"

ಆಗ ನನಗೆ ಅರ್ಥವಾಯಿತು, ದಿನಾ ಬೆಳಿಗ್ಗೆ ಕಾರಿನಲ್ಲಿ ನಡೆಯುತ್ತಿದ್ದದ್ದು ಏನು ಎಂದು. ತಾನು ತಪ್ಪುವವನಲ್ಲ ಎಂದು ಒಬ್ಬ ಮನುಷ್ಯ ಹನ್ನೊಂದು ವರ್ಷದಿಂದ ಸಾಕ್ಷಿ ಹೇಳುತ್ತಿದ್ದ. ನ್ಯಾಯಾಧೀಶನ ಜಾಗದಲ್ಲಿ ನಾನು, ಬ್ರೇಕ್ ಮೇಲೆ ಕಾಲಿಟ್ಟುಕೊಂಡು.

ಸೋಮವಾರ ಹೆದರುತ್ತ ಹೆದರುತ್ತ ಬಾಯಿ ಬಿಟ್ಟೆ. ಅವರು ಅರ್ಧ ದಾರಿ ಎಕ್ಸಿಟ್ ಬೋರ್ಡುಗಳನ್ನೇ ಓದುತ್ತ ಕೂತರು. ಆಮೇಲೆ, "ಫೋರ್ಟ್ ಮಿಲ್! ಊರಿನ ಹೆಸರಲ್ಲೇ ಕೋಟೆ ಉಂಟು ನೋಡಿ. ಅವ ಹೊರಗೆ ಬರುವುದಿಲ್ಲ," ಎಂದರು.

"ಫೋನ್ ಮಾಡಿ ಸಾರ್."

"ಅವನೇ ಮಾಡಲಿ."

ತಮ್ಮನಿಗೆ ಫೋನ್ ಮಾಡಿದರೆ ಅಲ್ಲಿಂದಲೂ ಅದೇ ಉತ್ತರ. ಹೀಗೆ ನಾನು ಎರಡು ಸಾಮ್ರಾಜ್ಯಗಳ ನಡುವಿನ ರಾಯಭಾರಿಯಾದೆ. ರಾಯಭಾರಿಗಳ ತಲೆ ಕತ್ತರಿಸಿ ಕಳಿಸುತ್ತಿದ್ದ ಕಥೆಗಳನ್ನೂ ಮಹಾಶಯರೇ ಹೇಳಿದ್ದರಿಂದ ರಾತ್ರಿ ನಿದ್ದೆ ಇಲ್ಲ! ಒಂದೂವರೆ ತಿಂಗಳು ಮಾತುಕತೆ ನಡೆದು ಒಂದು ಒಪ್ಪಂದವಾಯಿತು: ಯಾರೂ ಯಾರ ಮನೆಗೂ ಹೋಗುವುದಿಲ್ಲ, ಯಾರೂ ಯಾರಿಗೂ ಪುಸ್ತಕ ಕೊಡುವುದಿಲ್ಲ. ಅಕ್ಕ ತನ್ನ ದನಿಯನ್ನು ಕ್ಯಾಸೆಟ್ ಮಾಡಿ ಕಳಿಸುವುದು, ತಮ್ಮನೂ ಕಳಿಸುವುದು. ನಡೆಯುವ ಸ್ಥಳ ನಮ್ಮ ಬೇಸ್‌ಮೆಂಟ್.

ಮಂಗಳೂರಿನಿಂದ ಬಂದ ಯಾರದೋ ಸೂಟ್‌ಕೇಸಿನಲ್ಲಿ ಮಿಡಿ ಉಪ್ಪಿನಕಾಯಿಯ ಜೊತೆ ಅಕ್ಕನ ಕ್ಯಾಸೆಟ್ ಬಂತು. ತಮ್ಮನದು ಅಂಚೆಯಲ್ಲಿ. ಒಂದು ಶನಿವಾರ ಮಧ್ಯಾಹ್ನ ಎರಡು ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತೆವು. ಒಂದರ ಮೇಲೆ ಹೆಂಡತಿಯ ಬೆರಳು, ಇನ್ನೊಂದರ ಮೇಲೆ ಮಗಳದು. ಮಹಾಶಯರು ಕೋಟು ಹಾಕಿಕೊಂಡು ಬಂದಿದ್ದರು! ನೋಟ್‌ಬುಕ್ ಹಿಡಿದು ನಿಂತರು.

"ಕರೆಂಟ್ ಹೋದರೆ?" ಎಂದೆ ನಾನು.

"ರೀ, ಸ್ವಲ್ಪ ಸುಮ್ಮನಿರ್ತೀರಾ?" ಎಂದಳು ಹೆಂಡತಿ. ಮಗಳು "ಒನ್, ಟೂ, ತ್ರೀ!" ಎಂದಳು. ಎರಡೂ ಗುಂಡಿಗಳು ಒಟ್ಟಿಗೆ ಬಿದ್ದವು.

ಮೊದಲು ಅಕ್ಕ. ತೆಳ್ಳಗಿನ, ಅಂಚಿನಲ್ಲಿ ನಡುಗುವ ಸ್ವರ. ಹಿಂದೆ ಕಾಗೆ, ಕುಕ್ಕರಿನ ಸೀಟಿ. ಅದರ ಕೆಳಗೆ ತಮ್ಮ ಬಂದರು. ಸುಮ್ಮನಿರುವ ಕಡೆಗಳಲ್ಲಿ "ಏಕ್, ದೋನ್, ತೀನ್" ಎಂದು ಕೊಂಕಣಿಯಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದರು, ಆಮೇಲೆ ತಕರಾರು ಬೇಡ ಅಂತ! ಅವೆರಡರ ಕೆಳಗೆ ಮಹಾಶಯರ "ಓ… ಓ… ಓ…" ಸೇರಿಕೊಂಡಿತು. ನಾಲ್ಕು ವರ್ಷ ಕಾರಿನಲ್ಲಿ ಬೇರು ಮಾತ್ರ ನೋಡಿದ್ದೆ; ಅದರ ಮೇಲೊಂದು ಮರ ಇತ್ತು! ಎರಡು ಟೇಪುಗಳ ಶ್ರುತಿ ಆ ಕಡೆ ಈ ಕಡೆ ಇತ್ತು. ಶ್ರುತಿ ಕೂದಲೆಳೆಯಷ್ಟು ಸರಿದರೂ ಮುಖ ಹಿಂಡುವ ನನ್ನ ಹೆಂಡತಿ ಅವತ್ತು ಮುಖ ಹಿಂಡಲಿಲ್ಲ.

ಉದ್ದನೆಯ ಮೌನ ಬಂತು. ಅಕ್ಕನ ದನಿ ಮೇಲಕ್ಕೆ ಹೋಗುತ್ತಿತ್ತು, ತಮ್ಮನದು ಅದನ್ನು ಹಿಡಿದುಕೊಂಡು ಏರುತ್ತಿತ್ತು. ನಾನು ಎಂದಿನ ಹಾಗೆ ಮಹಾಶಯರ ಹೆಬ್ಬೆರಳು ನೋಡಿದೆ. ಅದು ಏಳನೆಯ ಗೆಣ್ಣಿನ ಮೇಲೆ ನಿಂತುಬಿಟ್ಟಿತ್ತು. ನೋಟ್‌ಬುಕ್ ಕೆಳಗಿಳಿದಿತ್ತು. ಅವರು ಎಣಿಸುತ್ತಿರಲಿಲ್ಲ, ಕೇಳುತ್ತಿದ್ದರು.

ಹದಿನೆಂಟು, ಹತ್ತೊಂಬತ್ತು. ಮತ್ತೆ ಬಿದ್ದುಹೋಗುತ್ತದೆ ಹಾಡು! ಇಪ್ಪತ್ತು, ಇಪ್ಪತ್ತೊಂದು. ಇಪ್ಪತ್ತೆರಡಕ್ಕೆ ಒಂದು "ಓ…" ಬಂತು. ಯಾರದೆಂದು ನೋಡಿದರೆ, ನನ್ನದೇ! ಸತ್ಯನಾರಾಯಣ ಪೂಜೆಯ ಮಂಗಳಾರತಿಯಲ್ಲೂ ಬರೀ ತುಟಿ ಅಲ್ಲಾಡಿಸುವ ನಾನು, ಕತ್ತೆಯಂತೆ, ಆದರೆ ಸರಿಯಾದ ಜಾಗದಲ್ಲಿ! ಮಹಾಶಯರು ನನ್ನತ್ತ ತಿರುಗಿದರು. ಕಣ್ಣು ತುಂಬಿತ್ತು. ನಿಲ್ಲಿಸಬೇಡಿ ಎಂಬಂತೆ ಕೈ ಮಾಡಿದರು. ಕೊನೆಯವರೆಗೂ ನಾನೇ ಹಾಡಿದೆ.

ಹಾಡು ಮುಗಿಯಿತು. ತಮ್ಮನ ಟೇಪ್ ಟಕ್ ಎಂದು ನಿಂತಿತು. ಅಕ್ಕನದು ಓಡುತ್ತಲೇ ಇತ್ತು. ಕಾಗೆ ಕೂಗಿತು. ಆಮೇಲೆ ಅಕ್ಕ ಕೊಂಕಣಿಯಲ್ಲಿ ಕೇಳಿದರು. ಅಷ್ಟು ಕೊಂಕಣಿ ನನಗೂ ಬರುತ್ತಿತ್ತು.

"ಆಯಿತಾ? ಈ ಸಲ ತಪ್ಪಿದ್ದು ಯಾರು?"

ಮಹಾಶಯರು ಟೇಪ್‌ರೆಕಾರ್ಡರಿನ ಮುಂದೆ ಶಾಲೆಯ ಹುಡುಗನ ಹಾಗೆ ನಿಂತರು. "ನಾನು ಅಕ್ಕಾ," ಎಂದರು.

ಆಮೇಲೆ ಗೋಡೆಯ ಫೋನಿನ ಬಳಿ ಹೋದರು. ನಂಬರ್ ಕೇಳುತ್ತಾರೆಂದು ನಾನು ಡೈರಿ ತೆಗೆದೆ. ಕೇಳಲಿಲ್ಲ, ಅವರಿಗೆ ಬಾಯಿಪಾಠವಾಗಿತ್ತು. ಆ ಕಡೆ ಯಾರೋ ಎತ್ತಿಕೊಂಡರು.

"ತಪ್ಪಿದ್ದು ನಾನು ಮಾರಾಯ," ಎಂದರು. ಇವತ್ತೋ, ಹನ್ನೊಂದು ವರ್ಷದ ಹಿಂದೆಯೋ, ಹೇಳಲಿಲ್ಲ.

ಫೋರ್ಟ್ ಮಿಲ್‌ನಿಂದ ಉತ್ತರವಿಲ್ಲ. ಮಹಾಶಯರು ರಿಸೀವರನ್ನು ಕಿವಿಗೆ ಒತ್ತಿಕೊಂಡು ನಿಂತರು. ಲೈನ್ ಕಟ್ಟಾಯಿತಾ ಅಂತ ಮಗಳು ಕಣ್ಣಲ್ಲೇ ಕೇಳಿದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ನನ್ನ ಹೆಬ್ಬೆರಳು ಆಗಲೇ ಗೆಣ್ಣಿನ ಮೇಲೆ ಓಡತೊಡಗಿತ್ತು. ಒಂಬತ್ತು, ಹತ್ತು, ಹನ್ನೊಂದು… ಜೀವಮಾನದಲ್ಲಿ ಅದೊಂದು ಸಲ ನನಗೆ ಯಾವ ಚಿಂತೆಯೂ ಆಗಲಿಲ್ಲ. ಇಪ್ಪತ್ತೆರಡರವರೆಗೆ ಕಾಯಲು ಗೊತ್ತಿತ್ತು.